ನೀರು ಹೊಯ್ಯುವವರು

ಮೆಲ್ಕಾರ್ ಜಂಕ್ಷನ್ನಿನ ಫ್ಲೆಕ್ಸಿನಲ್ಲಿ ಶಬ್ನಾ ಒಂದು ಗುಲಾಬಿ ಹೂವಾಗಿದ್ದಳು. ಸುತ್ತ ಗಂಡಸರ ಫೋಟೋಗಳು. ಅಧ್ಯಕ್ಷರದ್ದು ದೊಡ್ಡದು, ಕಾರ್ಯದರ್ಶಿಯದ್ದು ಸ್ವಲ್ಪ ಸಣ್ಣದು, ಊಟದ ವ್ಯವಸ್ಥೆಯವರದ್ದು ಪಾಸ್‌ಪೋರ್ಟ್ ಅಳತೆಯದ್ದು. ‘ಯುವ ಸೇವಾ ಸಾಧಕಿ ಪ್ರಶಸ್ತಿ, ಕುಮಾರಿ ಶಬ್ನಾ ಪಾಣೆಮಂಗಳೂರು’ ಎಂದು ಬರೆದ ಕಡೆ ಮಾತ್ರ ಮುಖವಿರಲಿಲ್ಲ. ಎಸಳಿನ ಮೇಲೆ ನೀರಹನಿ ಕೂತ ಗುಲಾಬಿಯಿತ್ತು. ನಮ್ಮಲ್ಲಿ ಹೆಣ್ಣುಮಕ್ಕಳ ಫೋಟೋ ಹಾಗೆ ರಸ್ತೆಬದಿಗೆ ಕಟ್ಟುವ ಕ್ರಮವಿಲ್ಲ, ಸರಿ. ಆದರೆ ಪ್ರಶಸ್ತಿ ತೆಗೆದುಕೊಳ್ಳಲು ಸ್ಟೇಜ್ ಹತ್ತುವವನು ಅವಳ ತಮ್ಮ ಮುನವ್ವರ್ ಎಂದು ಕೇಳಿದಾಗ ನನ್ನ ಮೈಯೆಲ್ಲ ಉರಿಯಿತು. ಮುನವ್ವರ್ ಈವರೆಗೆ ಮಾಡಿದ ಸಮಾಜಸೇವೆ ಎಂದರೆ ಕ್ರಿಕೆಟ್ ಟೂರ್ನಮೆಂಟಿನಲ್ಲಿ ಸ್ಕೋರ್ ಬರೆದದ್ದು.

“ನೀನು ಯಾಕೆ ಅಷ್ಟು ಬಿಸಿಯಾಗ್ತೀ ಹನಾ?” ಎಂದಳು ಶಬ್ನಾ. “ಯಾರು ಹತ್ತಿದರೆ ಎಂತ? ಮೇಜು ಸಿಗ್ತದಲ್ಲ.”

ಮೇಜಿನ ವಿಷಯ ಹೇಳಬೇಕು. ನಾವು ತೀರಿಕೊಂಡ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸುವವರು. ನಮ್ಮಲ್ಲಿ ಹೆಣ್ಣಿನ ಮಯ್ಯಿತ್ತನ್ನು ಹೆಂಗಸರೇ ತೊಳೆದು, ಕಫನ್ ಬಟ್ಟೆ ಉಡಿಸಿ ಗಂಡಸರ ಹೆಗಲಿಗೆ ಕೊಡಬೇಕು. ಕೊರೋನಾ ಸಮಯದಲ್ಲಿ ಹೆದರಿ ಯಾರೂ ಮುಂದೆ ಬರದಿದ್ದಾಗ, ಬಿ.ಕಾಂ. ಓದುತ್ತಿದ್ದ ಶಬ್ನಾ ಪ್ಲಾಸ್ಟಿಕ್ ಗೌನು ಹಾಕಿಕೊಂಡು ಹೊರಟಳು. ನಾನು ಅವಳ ತಾಯಿಯ ತಂಗಿಯ ಮಗಳು. ಬಕೆಟ್ ಹಿಡಿದು ಅವಳ ಹಿಂದೆ ಹೋದೆ. ಧೈರ್ಯದಿಂದಲ್ಲ, ಅವಳು ಕೈ ಹಿಡಿದು ಎಳೆದದ್ದರಿಂದ. ಈಗ ವಿಟ್ಲ, ಮೂಡುಬಿದಿರೆ, ಬೆಳ್ತಂಗಡಿಗಳಲ್ಲೂ ಒಂದೊಂದು ತಂಡವಿದೆ. ಎಲ್ಲರೂ ಚಿಕ್ಕ ವಯಸ್ಸಿನವರು, ಎಲ್ಲರಿಗೂ ಕಲಿಸಿದವಳು ಶಬ್ನಾ. ಎಷ್ಟೋ ಮನೆಗಳಲ್ಲಿ ಬಾಗಿಲು ಕಳಚಿ ಕಲ್ಲುಗಳ ಮೇಲಿಟ್ಟು, ಅದರ ಮೇಲೆ ಮಲಗಿಸಿ, ಬಗ್ಗಿ ಬಗ್ಗಿ ತೊಳೆದು ನಮಗೆ ಈ ವಯಸ್ಸಿಗೇ ಸೊಂಟನೋವು. ಪ್ರಶಸ್ತಿಯ ಜೊತೆಗೆ ಎಲ್ಲಾ ತಂಡಗಳಿಗೂ ಮಡಚುವ ಸ್ಟೀಲಿನ ಮೇಜು ಕೊಡುತ್ತೇವೆಂದು ಸಮಿತಿಯವರು ಮಾತು ಕೊಟ್ಟಿದ್ದರು. ಶಬ್ನಾ ಪ್ರಶಸ್ತಿಗೆ ಒಪ್ಪಿದ್ದೇ ಅದಕ್ಕಾಗಿ.

ನಮಗಿಂತ ಮೊದಲು ಈ ಸೀಮೆಯಲ್ಲೆಲ್ಲ ಈ ಕೆಲಸ ಮಾಡುತ್ತಿದ್ದವರು ಸಿದ್ಧಕಟ್ಟೆಯ ಅವ್ವಮ್ಮ. ಸ್ನಾನದಲ್ಲಿ ಒಬ್ಬರು ಕೈ ಹಾಕುತ್ತಾರೆ, ಉಳಿದವರು ಅವರ ಕೈಯ ಮೇಲೆ ನೀರು ಹೊಯ್ಯುತ್ತಾರೆ. ಕೈ ಹಾಕುವವರು ಹಿರಿಯರು, ಹೊಯ್ಯುವವರು ಕಲಿಯುವವರು. “ನಾನು ಇನ್ನೊಬ್ಬರ ಕೈಗೆ ನೀರು ಹೊಯ್ದವಳಲ್ಲ” ಎಂದು ಅವ್ವಮ್ಮ ಮದುವೆಮನೆಯಲ್ಲೂ ಹೇಳಿಕೊಳ್ಳುತ್ತಿದ್ದರು. ಕೊರೋನಾದಲ್ಲಿ ಮಕ್ಕಳು ಅವರನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಎಲ್ಲ ಮುಗಿದು ಅವರು ಹೊರಗೆ ಬರುವಷ್ಟರಲ್ಲಿ ಜನ ನಮ್ಮನ್ನು ಕರೆಯುವ ಅಭ್ಯಾಸ ಮಾಡಿಕೊಂಡಿದ್ದರು. “ಮದುವೆಯಾಗದ ಹುಡುಗಿಯರು ಮಯ್ಯಿತ್ ಮುಟ್ಟುವುದಾ?” ಎಂದು ಅವರು ಬೈದದ್ದು ನಮ್ಮ ಕಿವಿಗೂ ಬಿತ್ತು. ಎದುರು ಸಿಕ್ಕಿದರೆ ಮುಖ ತಿರುಗಿಸುತ್ತಿದ್ದರು.

ಜನ ಅವರನ್ನು ಬಿಡಲು ಇನ್ನೊಂದು ಕಾರಣವೂ ಇತ್ತು. ಅವ್ವಮ್ಮನ ಬಾಯಿ. ಪರದೆಯ ಒಳಗೆ ಕಂಡದ್ದು ಹೊರಗೆ ಬರಬಾರದು ಎನ್ನುವುದು ಈ ಕೆಲಸದ ಮೊದಲ ನಿಯಮ. ತೀರಿಕೊಂಡವರ ಮೈಮೇಲೆ ಕಲೆಯಿರಬಹುದು, ಹುಣ್ಣಿರಬಹುದು, ನೋಡಿದವರು ಮರೆತುಬಿಡಬೇಕು. ಅವ್ವಮ್ಮ ಮರೆಯುತ್ತಿರಲಿಲ್ಲ. ಯಾರ ಬೆನ್ನಿನಲ್ಲಿ ತೊನ್ನಿತ್ತು, ಯಾರ ಹೊಟ್ಟೆಯಲ್ಲಿ ಆಪರೇಷನ್ನಿನ ಗೀರಿತ್ತು, ಎಲ್ಲ ಮೂರನೆಯ ದಿನದ ದುಆ ಮುಗಿಯುವುದರೊಳಗೆ ಊರಿಗೆ ಗೊತ್ತಾಗುತ್ತಿತ್ತು. ಶಬ್ನಾ ಇದರಲ್ಲಿ ಕಲ್ಲು. ವಿಟ್ಲದ ಒಬ್ಬ ಹುಡುಗಿ ಹೀಗೇ ಏನೋ ಬಾಯಿಬಿಟ್ಟು, ತೀರಿಕೊಂಡವಳ ಮಗಳ ಮದುವೆ ಮಾತುಕತೆ ಮುರಿದುಬಿದ್ದಾಗ, ಆ ಹುಡುಗಿ ಅತ್ತು ಕರೆದರೂ ಬಿಡದೆ ತಂಡದಿಂದ ತೆಗೆದುಹಾಕಿದಳು.

ಸಮಿತಿಯ ಅಧ್ಯಕ್ಷ ಅಬ್ದುಲ್ ಹಕೀಂ ಹಾಜಿಗೆ ಇದು ಬಹಳ ಹಿಡಿಸಿತ್ತು. ಮೆಲ್ಕಾರಿನಲ್ಲಿ ಅವರದ್ದು ಬಟ್ಟೆ ಅಂಗಡಿ. ಬಡವರ ಮನೆಗೆ ಕಫನ್ ಬಟ್ಟೆ ಪುಕ್ಕಟೆ ಕೊಡುತ್ತಾರೆ, ಕೊಟ್ಟದ್ದನ್ನು ಎಲ್ಲೂ ಹೇಳುವುದಿಲ್ಲ. ಕೆಟ್ಟ ಮನುಷ್ಯನಲ್ಲ, ಇದನ್ನು ನಾನು ಮೊದಲೇ ಹೇಳಿಬಿಡುತ್ತೇನೆ. ಪ್ರಶಸ್ತಿಯ ಸುದ್ದಿ ತಿಳಿಸಲು ಹಲ್ವದ ಪೆಟ್ಟಿಗೆ ಹಿಡಿದುಕೊಂಡು ಅವರೇ ಶಬ್ನಾಳ ಮನೆಗೆ ಬಂದಿದ್ದರು. ಭಾನುವಾರ ಸಭೆಯಲ್ಲಿ ಏನು ಹೇಳುತ್ತೇನೆಂದು ಚಹಾ ಕುಡಿಯುತ್ತ ಮುಂಚಿತವಾಗಿಯೇ ಹೇಳಿ ತೋರಿಸಿದರು.

“ಸೇವೆ ಮಾಡುವವರು ಸಾವಿರ ಜನ ಉಂಟು ಮೋಳೇ. ಬಾಯಿ ಮುಚ್ಚಿ ಸೇವೆ ಮಾಡುವವರು ಎಷ್ಟು ಜನ? ನಿನ್ನ ದೊಡ್ಡ ಗುಣ ಅದು. ನಾನು ಅದನ್ನೇ ಹೇಳ್ತೇನೆ.”

ಶಬ್ನಾ ತಲೆ ತಗ್ಗಿಸಿ ನಕ್ಕಳು. ನಾನು ಹಲ್ವ ತಿಂದೆ.

ಶುಕ್ರವಾರ ಬೆಳಿಗ್ಗೆ ಹಾಜಿಯ ಫೋನು ಬಂತು. ದನಿ ಒಡೆದಿತ್ತು. ಸಿದ್ಧಕಟ್ಟೆಯಿಂದ ಒಳಗೆ ಅವರ ತಂಗಿಯ ಮನೆ. ತಂಗಿಯ ಮಗ ನೌಫಲ್ ಸೌದಿಯ ದಮ್ಮಾಮಿನಿಂದ ರಜೆಯಲ್ಲಿ ಬಂದಿದ್ದ. ಅವನ ಹೆಂಡತಿ ಆಫ್ರಾ ಬಚ್ಚಲಿನಲ್ಲಿ ಜಾರಿಬಿದ್ದು ತೀರಿಕೊಂಡಿದ್ದಾಳೆ. ಡಾಕ್ಟರು ಬಂದು ನಾಡಿ ನೋಡಿ ಹೋಗಿದ್ದಾರೆ. ಮಧ್ಯಾಹ್ನದ ಜುಮಾ ನಮಾಝ್ ಮುಗಿದ ಕೂಡಲೇ ದಫನ ಮಾಡಬೇಕು, ಜನ ಸೇರಿರುತ್ತಾರೆ, ಪಾಪದ ಹುಡುಗಿಗೆ ಅಷ್ಟು ಜನರ ನಮಾಝ್ ಸಿಗಲಿ. “ನೀನೇ ಬಾ ಮೋಳೇ. ಬೇರೆ ಯಾರನ್ನೂ ಕರೆಯುವುದು ಬೇಡ” ಎಂದರು.

ನಾನು, ಶಬ್ನಾ, ನಮ್ಮ ತಂಡದ ಸಫೂರ ಮೂವರೂ ಭೋಜಣ್ಣನ ರಿಕ್ಷಾದಲ್ಲಿ ಹೊರಟೆವು. ಭೋಜಣ್ಣ ನಮ್ಮ ಖಾಯಂ ರಿಕ್ಷಾದವರು. ಮಯ್ಯಿತ್ತಿನ ಮನೆಗೆ ಹೋಗುವಾಗ ಹಾಡು ಹಾಕುವುದಿಲ್ಲ. ದಾರಿಯಲ್ಲಿ ಅವ್ವಮ್ಮನ ಮನೆಯ ಮುಂದೆಯೇ ಹಾದುಹೋದೆವು. ಅವರು ಜಗಲಿಯಲ್ಲಿ ಕೂತು ವೀಳ್ಯ ಹಾಕುತ್ತಿದ್ದರು. ಎರಡು ತಿರುವು ದಾಟಿದರೆ ಸಾವಿನ ಮನೆ. ಇಷ್ಟು ಹತ್ತಿರದ ಅವ್ವಮ್ಮನನ್ನು ಬಿಟ್ಟು ಪಾಣೆಮಂಗಳೂರಿನಿಂದ ನಮ್ಮನ್ನು ಯಾಕೆ ಕರೆಸಿದರು ಎಂದು ನನಗೆ ಆಗ ಹೊಳೆಯಲೇ ಇಲ್ಲ. ನಮ್ಮ ಹೆಸರು ದೊಡ್ಡದಾಗಿದೆ ಎಂದು ಒಳಗೊಳಗೆ ಉಬ್ಬಿದ್ದೆ.

ಮನೆಯ ಹಿಂದೆ ಬೆಡ್‌ಶೀಟುಗಳನ್ನು ಕಟ್ಟಿ ಪರದೆ ಮಾಡಿದ್ದರು. ಒಲೆಯ ಮೇಲೆ ಬೋರೆ ಎಲೆ ಹಾಕಿದ ನೀರು ಹದವಾಗಿ ಬಿಸಿಯಾಗಿತ್ತು. ಎಲ್ಲವೂ ತಯಾರು, ತಯಾರಿ ಸ್ವಲ್ಪ ಹೆಚ್ಚೇ ಆದಂತೆ ಕಂಡಿತು. ಸಾಮಾನ್ಯವಾಗಿ ನಾವು ಹೋದಮೇಲೆ ಬಕೆಟ್ ಹುಡುಕುವುದು, ಸೋಪು ತರಿಸುವುದು ನಡೆಯುತ್ತದೆ. ಇಲ್ಲಿ ನೌಫಲನ ತಾಯಿ ಹಿಂದಿನಿಂದ ನಮ್ಮನ್ನು ಬಹುತೇಕ ತಳ್ಳಿಕೊಂಡೇ ಒಳಗೆ ತಂದರು.

ಆಫ್ರಾಳನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿದ್ದರು. ಇನ್ನೂ ಕಾಲೇಜು ಹುಡುಗಿಯಂತಿದ್ದಳು. ಬಾಯಿ ತೆರೆಯದಿರಲೆಂದು ಗಲ್ಲಕ್ಕೆ ಬಟ್ಟೆ ಕಟ್ಟುವುದು ಎಲ್ಲ ಕಡೆಯೂ ಇದೆ. ಇವಳಿಗೆ ಗಲ್ಲದಿಂದ ಕುತ್ತಿಗೆಯ ಬುಡದವರೆಗೆ ಶಾಲು ಸುತ್ತಿ ಕಟ್ಟಿದ್ದರು.

“ಅದನ್ನು ಬಿಚ್ಚುವುದು ಬೇಡ” ಎಂದರು ನೌಫಲನ ತಾಯಿ. “ಮೇಲಿನಿಂದಲೇ ನೀರು ಹೊಯ್ದರೆ ಸಾಕು. ಬೇಗ ಮುಗಿಸುವ.”

“ಬಿಚ್ಚದೆ ಸ್ನಾನ ಆಗುವುದಿಲ್ಲ ಉಮ್ಮ” ಎಂದಳು ಶಬ್ನಾ. ಅವಳ ದನಿ ಯಾವಾಗಲೂ ಹೀಗೆಯೇ, ಮೆತ್ತಗೆ. ಬಿಸ್ಮಿಲ್ಲಾ ಹೇಳಿ ಗಂಟು ಬಿಚ್ಚಿದಳು.

ನಾನು ನೋಡಿದ್ದನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಈಗ ಅದು ಪೊಲೀಸರ ಕಾಗದದಲ್ಲಿ ಇದೆ, ಕೋರ್ಟಿನಲ್ಲಿ ಬರುತ್ತದೆ. ಕುತ್ತಿಗೆಯ ಸುತ್ತ ಇದ್ದದ್ದು ಜಾರಿಬಿದ್ದವರಿಗೆ ಆಗುವಂಥದ್ದಲ್ಲ. ತೋಳುಗಳ ಮೇಲಿದ್ದದ್ದು ಬೆರಳುಗಳ ಗುರುತು. ಅಷ್ಟು ಸಾಕು. ಸಫೂರಳ ಕೈಯಿಂದ ಮಗ್ಗು ಜಾರಿ ಕಲ್ಲಿನ ಮೇಲೆ ಬಿದ್ದು ಉರುಳಿತು.

“ಬಕೆಟ್ಟಿನ ಅಂಚು ತಾಗಿದ್ದು” ಎಂದರು ನೌಫಲನ ತಾಯಿ, ಯಾರೂ ಕೇಳದೆಯೇ.

ಶಬ್ನಾ ಆಫ್ರಾಳ ಮುಖವನ್ನು ನೋಡಿದಳು. ಮತ್ತೆ ಶಾಲನ್ನು ಮೊದಲಿನಂತೆಯೇ ಹೊದೆಸಿದಳು.

“ಯಾರೂ ನೀರು ಹೊಯ್ಯಬೇಡಿ” ಎಂದಳು. “ಇವಳನ್ನು ಹೆತ್ತ ಉಮ್ಮ ಎಲ್ಲಿಗೆ ಮುಟ್ಟಿದ್ದಾರೆ?”

ಆಗಲೇ ನನಗೆ ಎಲ್ಲ ಅರ್ಥವಾದದ್ದು. ಅವ್ವಮ್ಮನನ್ನು ಬಿಟ್ಟು ನಮ್ಮನ್ನು ಕರೆಸಿದ್ದು ನಮ್ಮ ಕೆಲಸ ಚೆಂದವೆಂದಲ್ಲ. ನಾವು ಬಾಯಿ ಬಿಡುವುದಿಲ್ಲವೆಂದು. ಇಷ್ಟು ವರ್ಷ ನಾವು ತೀರಿಕೊಂಡವರ ಮಾನಕ್ಕಾಗಿ ಕಟ್ಟಿಕೊಂಡ ನಿಯಮದ ಹಿಂದೆ ಇವರು ಅಡಗಲು ಹೊರಟಿದ್ದರು. ನನಗೆ ಅಲ್ಲೇ ಕಿರುಚಬೇಕೆನಿಸಿತು. ನಾನು ಎದ್ದದ್ದು ನೋಡಿ ಶಬ್ನಾ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದಳು.

“ನೀನು ಹೊರಗೆ ಹೋಗಿ ಒಂದು ಮಾತು ಆಡಿದರೆ ನಾಳೆ ಯಾವ ಮನೆಯವರೂ ನಮ್ಮನ್ನು ಒಳಗೆ ಬಿಡುವುದಿಲ್ಲ” ಎಂದಳು ನನ್ನ ಕಿವಿಯ ಹತ್ತಿರ. “ಇಲ್ಲಿ ಕೂರು. ಇವಳನ್ನು ಬಿಟ್ಟು ಏಳಬೇಡ. ಯಾರು ಬಂದರೂ.”

“ಹಾಗಾದರೆ ಸುಮ್ಮನೆ ತೊಳೆದು ಕಳಿಸುವುದಾ?”

“ತೊಳೆಯುವುದಿಲ್ಲ ಎಂದೆನಲ್ಲ.”

ಅವಳು ಪರದೆ ಸರಿಸಿ ಹೊರಗೆ ಹೋದಳು. ಬೆಡ್‌ಶೀಟಿನ ಸಂದಿಯಿಂದ ಅಂಗಳ ನನಗೆ ಕಾಣುತ್ತಿತ್ತು. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಗಂಡಸರು. ಮೆಟ್ಟಿಲ ಮೇಲೆ ನೌಫಲ್, ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. ಮಯ್ಯಿತ್ ಹೊರುವ ಜನಾಝಾದ ಮಂಚ ಆಗಲೇ ಬಂದು ಗೋಡೆಗೆ ಒರಗಿತ್ತು. ಹಾಜಿ ಎದ್ದು ಬಂದರು.

“ಆಯಿತಾ ಮೋಳೇ?”

“ಇಲ್ಲ ಹಾಜಿಯವರೇ. ನಾವು ನೀರು ಹೊಯ್ಯುವುದಿಲ್ಲ. ಇವಳ ಉಮ್ಮ ಬರಲಿ.”

“ಅವರು ಬೆಳ್ತಂಗಡಿಯಿಂದ ಆಚೆ, ಚಾರ್ಮಾಡಿ ಹತ್ತಿರ ಅಲ್ಲವಾ. ದಾರಿಯಲ್ಲಿ ಇದ್ದಾರೆ, ಹೈವೇ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ. ಅವಳ ಬಾಪ ಮೂಸಾ ಫೋನಿನಲ್ಲಿ ಒಪ್ಪಿದ್ದಾನೆ, ನೀವು ಮುಂದುವರಿಸಿ ಎಂದಿದ್ದಾನೆ.”

“ಬಾಪ ಒಳಗೆ ಬರುವವರಲ್ಲ. ಉಮ್ಮ ಬರಲಿ.”

“ಯಾಕೆ? ಎಂತ ವಿಷಯ?”

“ಪರದೆ ಒಳಗಿನದ್ದು ಹೊರಗೆ ಹೇಳ್ಲಿಕ್ಕಿಲ್ಲ ಹಾಜಿಯವರೇ” ಎಂದಳು ಶಬ್ನಾ. “ನಿಮಗೆ ಗೊತ್ತುಂಟಲ್ಲ.”

ಅಂಗಳದಲ್ಲಿ ಒಬ್ಬರು ಕೆಮ್ಮಿದರು. ಹೇಳಲಿಕ್ಕಿಲ್ಲ ಎಂದರೆ ಹೇಳುವಂಥದ್ದು ಇದೆ ಎಂದು ಎಲ್ಲರಿಗೂ ತಿಳಿಯಿತು. ನಿಯಮ ಮುರಿಯಲಿಲ್ಲ, ಆದರೆ ಕೆಲಸವನ್ನೂ ಮಾಡಲಿಲ್ಲ. ಇದು ಅವಳಿಗೆ ಎಲ್ಲಿಂದ ಹೊಳೆಯಿತೋ. ನೌಫಲ್ ತಲೆಯೆತ್ತಲಿಲ್ಲ.

ಹಾಜಿ ಅವಳನ್ನು ಪರದೆಯ ಹತ್ತಿರವೇ ಪಕ್ಕಕ್ಕೆ ಕರೆದರು. ಅವರ ಮಾತು ನನಗೆ ಕೇಳುತ್ತಿತ್ತು, ಆಫ್ರಾಳ ಕಾಲ ಬಳಿ ನಿಂತಿದ್ದ ನೌಫಲನ ತಾಯಿಗೂ ಕೇಳುತ್ತಿತ್ತು.

“ಇದು ನನ್ನ ತಂಗಿಯ ಮನೆ ಶಬ್ನಾ. ಜುಮಾಕ್ಕೆ ಜನ ಸೇರುತ್ತಾ ಉಂಟು. ಮಯ್ಯಿತ್ತನ್ನು ಹೀಗೆ ಕಾಯಿಸುವುದು ಸರಿಯಾ? ನಾಡಿದ್ದು ಸಭೆ ಉಂಟು. ಹೆಸರು ಅಚ್ಚಾಗಿದೆ, ಮೇಜು ಬಂದು ನನ್ನ ಗೋಡೌನಿನಲ್ಲಿ ಇದೆ. ಇಷ್ಟು ಒಳ್ಳೆ ಹೆಸರನ್ನು ಒಂದು ಹಠದಲ್ಲಿ ಹಾಳುಮಾಡಿಕೊಳ್ಳಬೇಡ.”

ಶಬ್ನಾಳಿಗೆ ಆ ಮೇಜು ಎಷ್ಟು ಬೇಕಿತ್ತೆಂದು ನನಗೆ ಗೊತ್ತು. ಹೋದ ವಾರವಷ್ಟೇ ಸೊಂಟಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತ, ಮೇಜು ಬಂದರೆ ಮೂಡುಬಿದಿರೆಯ ಬಸುರಿ ಹುಡುಗಿಗೂ ತಂಡ ಬಿಡಬೇಕಾಗುವುದಿಲ್ಲ ಎಂದಿದ್ದಳು.

“ಮೇಜು ಇಲ್ಲದಿದ್ದರೆ ಬಾಗಿಲ ಮೇಲೆ ತೊಳೆಯುತ್ತೇವೆ” ಎಂದಳು ಕೊನೆಗೆ. “ಇವಳನ್ನು ಮಾತ್ರ ಇವಳ ಉಮ್ಮ ನೋಡುವ ಮೊದಲು ತೊಳೆಯುವುದಿಲ್ಲ. ನೀರು ಹೊಯ್ದು ಮಣ್ಣು ಮಾಡಿದರೆ ಹೋದದ್ದು ವಾಪಸ್ ಬರುವುದಿಲ್ಲ.”

ಹಾಜಿ ಒಳಗೆ ನೋಡಿದವರಲ್ಲ, ತಂಗಿ ಹೇಳಿದ್ದನ್ನು ನಂಬಿದವರು. ಆ ಕ್ಷಣದಲ್ಲಿ ಅವರಿಗೂ ಸಂಶಯ ಹುಟ್ಟಿರಬೇಕು. ಆದರೆ ಸಂಶಯ ಹುಟ್ಟಿದವರು ಮಾಡುವ ಕೆಲಸ ಅವರು ಮಾಡಲಿಲ್ಲ. ಜೇಬಿನಿಂದ ಫೋನ್ ತೆಗೆದು ವಿಟ್ಲದ ತಂಡಕ್ಕೆ ಕರೆ ಮಾಡಿದರು. ಗದ್ದಲದಲ್ಲಿ ಕೇಳದೆ ಸ್ಪೀಕರಿಗೆ ಹಾಕಿದರು.

“ಕಾರು ಕಳಿಸ್ತೇನೆ, ತಕ್ಷಣ ಬರಬೇಕು” ಎಂದರು.

“ಸಿದ್ಧಕಟ್ಟೆಗೆ ಶಬ್ನಾ ಹೋಗಿದ್ದಾಳಲ್ಲ?” ಎಂದಿತು ಆ ಕಡೆಯ ದನಿ.

“ಇದ್ದಾಳೆ. ಅವಳು ಮಾಡುವುದಿಲ್ಲವಂತೆ.”

“ಯಾಕಂತೆ?”

ಹಾಜಿ ಫೋನನ್ನು ಶಬ್ನಾಳ ಕಡೆ ಚಾಚಿದರು. ಶಬ್ನಾ ಫೋನಿನ ಹತ್ತಿರ ಒಂದು ಹೆಜ್ಜೆಯೂ ಬರಲಿಲ್ಲ. ವಿಟ್ಲದವರ ಮೇಲೆ ನನಗೆ ಅಷ್ಟು ನಂಬಿಕೆಯಿರಲಿಲ್ಲ. ಅವರ ಹುಡುಗಿಯನ್ನು ತೆಗೆದುಹಾಕಿದ ಸಿಟ್ಟು ಅವರಲ್ಲಿ ಇನ್ನೂ ಇತ್ತು.

“ಅವಳು ಹೊಯ್ಯದ ಕಡೆ ನಾವೂ ಹೊಯ್ಯುವುದಿಲ್ಲ ಹಾಜಿಯವರೇ” ಎಂದಿತು ದನಿ. ಫೋನ್ ಇಟ್ಟ ಸದ್ದು ಕೇಳಿತು.

ಮೂಡುಬಿದಿರೆಯವರು ಹಾಜಿಗೆ ಪೂರ್ತಿ ಹೇಳಲೂ ಬಿಡಲಿಲ್ಲ. ವಿಟ್ಲದಿಂದ ಅವರಿಗೆ ಸುದ್ದಿ ಹೋಗಿಯಾಗಿತ್ತು. ಬೆಳ್ತಂಗಡಿಯವರು ಫೋನ್ ಎತ್ತಲೇ ಇಲ್ಲ. ಪರದೆಯೊಳಗೆ ಸಫೂರ ನನ್ನ ಕೈ ಹಿಡಿದು ಅಳುತ್ತಿದ್ದಳು. ನನಗೂ ಅಳು ಬಂತು, ಹೆದರಿಕೆಗೋ ಹೆಮ್ಮೆಗೋ ಗೊತ್ತಿಲ್ಲ.

ಅಂಗಳದಿಂದ ಯಾರೋ ಹೋಗಿ, ನಮ್ಮ ರಿಕ್ಷಾ ಗೇಟಿಗೆ ಅಡ್ಡವಾಗಿದೆ, ತೆಗೆದುಕೊಂಡು ಹೋಗು ಎಂದು ಭೋಜಣ್ಣನಿಗೆ ಜೋರು ಮಾಡಿದರು.

“ಸ್ಟಾರ್ಟ್ ಆಗುವುದಿಲ್ಲ ಮಾರಾಯ್ರೆ” ಎಂದರು ಭೋಜಣ್ಣ. “ಮಕ್ಕಳು ಬಂದು ಕೂತರೆ ಮಾತ್ರ ಸ್ಟಾರ್ಟ್ ಆಗ್ತದೆ.”

ಆಗ ನೌಫಲನ ತಾಯಿ ಪರದೆಯೊಳಗಿನಿಂದಲೇ ಕೂಗಿದರು. “ಅವ್ವಮ್ಮನನ್ನು ಕರೆಯಿರಿ!”

ಈ ದೊಡ್ಡ ಸೀಮೆಯಲ್ಲಿ ಶಬ್ನಾ ಕಲಿಸದೆ ಈ ಕೆಲಸ ಬಲ್ಲವರು ಅವ್ವಮ್ಮ ಒಬ್ಬರೇ. ನಮ್ಮನ್ನು ಕಂಡರಾಗದವರೂ ಅವರೇ. ಈಗ ಅವರಿಗೆ ಬೇಕಾದದ್ದು ಸಿಕ್ಕಿದಂತೆ. ದೊಡ್ಡ ಮನೆಯವರು ಕಾರು ಕಳಿಸಿ, ಆ ಹುಡುಗಿಯರಿಂದ ಆಗಲಿಲ್ಲ, ನೀವೇ ಬನ್ನಿ ಎಂದು ಬೇಡುತ್ತಿದ್ದಾರೆ. ಅವ್ವಮ್ಮನ ಬಾಯಿ ಮುಚ್ಚಿಸುವುದು ಹೇಗೆಂಬ ಚಿಂತೆ ಮನೆಯವರಿಗೆ ಆಮೇಲೆ. ಮೊದಲು ಮಣ್ಣಾಗಬೇಕಿತ್ತು. ಮಸೀದಿಯಿಂದ ಜುಮಾದ ಬಾಂಗ್ ಕೇಳಿತು.

ಕಾರು ಹೋದದ್ದೂ ಬಂದದ್ದೂ ಒಂದೇ ಉಸಿರಿನಲ್ಲಿ ಎನ್ನುವಂತಿತ್ತು. ಅವ್ವಮ್ಮ ಇಳಿದರು. ಬಿಳಿ ಶಾಲು, ಕೈಯಲ್ಲಿ ಅವರದ್ದೇ ಹಳೆಯ ತಾಮ್ರದ ಚೆಂಬು. ಪರದೆಯ ಬಾಯಲ್ಲಿ ನಿಂತಿದ್ದ ಶಬ್ನಾಳ ಮುಂದೆ ಬಂದು ನಿಂತರು.

“ಈಗ ಈ ಮುದುಕಿಯ ನೆನಪಾಯಿತಾ?” ಎಂದರು, ಅಂಗಳಕ್ಕೆಲ್ಲ ಕೇಳುವಂತೆ. “ನಿಮಗೆ ಹೂವಿನ ಹಾರ, ನನಗೆ ನೀವು ಬಿಟ್ಟ ಕೆಲಸ.”

ಶಬ್ನಾ ದಾರಿ ಬಿಟ್ಟಳು. “ಒಳಗೆ ಹೋಗಿ ನೋಡಿ ಉಮ್ಮ” ಎಂದಳು ಅಷ್ಟೇ. ತಡೆಯಲಿಲ್ಲ, ಬೇಡಿಕೊಳ್ಳಲಿಲ್ಲ. ತಡೆಯಬಾರದಾ ಎಂದು ನನಗೆ ಅವಳ ಮೇಲೆಯೇ ಸಿಟ್ಟು ಬಂತು.

ಅವ್ವಮ್ಮ ಒಳಗೆ ಬಂದು ನನ್ನನ್ನೂ ಸಫೂರಳನ್ನೂ ಕೋಳಿ ಅಟ್ಟುವಂತೆ ಪಕ್ಕಕ್ಕೆ ಅಟ್ಟಿದರು. ಬಿಸಿನೀರಿಗೆ ಬೆರಳು ಅದ್ದಿ ನೋಡಿದರು. ಚೆಂಬು ತುಂಬಿಸಿಕೊಂಡರು. ನೌಫಲನ ತಾಯಿಯ ಉಸಿರು ಸಡಿಲವಾದದ್ದು ನನಗೆ ಕೇಳಿಸಿತು. ಅವ್ವಮ್ಮ ಹಲಗೆಯ ಪಕ್ಕ ಕೂತು ಶಾಲಿನ ಗಂಟಿಗೆ ಕೈ ಹಾಕಿದರು.

“ಅದು ಬಿಚ್ಚುವುದು ಬೇಡ...” ಎಂದು ನೌಫಲನ ತಾಯಿ ಶುರುಮಾಡಿದರು.

“ನನಗೆ ನೀನು ಕಲಿಸುತ್ತೀಯಾ?” ಎಂದು ಅವ್ವಮ್ಮ ಶಾಲು ಸರಿಸಿದರು.

ನೋಡಿದರು. ಬಗ್ಗಿ ಮತ್ತೆ ನೋಡಿದರು. ಒಂದು ತೋಳನ್ನು ಎತ್ತಿ, ಅಲ್ಲಿದ್ದ ಗುರುತಿನ ಮೇಲೆ ತಮ್ಮ ಬೆರಳುಗಳನ್ನು ಮುಟ್ಟಿಸದೆ ಹಿಡಿದು ನೋಡಿದರು. ವೀಳ್ಯದ ಕೆಂಪು ತುಟಿಯ ಮೂಲೆಯಲ್ಲಿ ಹಾಗೆಯೇ ಇತ್ತು. ಆಮೇಲೆ ಶಾಲು ಹೊದೆಸಿ, ನೌಫಲನ ತಾಯಿಯನ್ನೇ ನೋಡುತ್ತ, ಚೆಂಬಿನ ನೀರನ್ನು ತೆಂಗಿನ ಬುಡಕ್ಕೆ ಚೆಲ್ಲಿದರು.

ಹೊರಗೆ ಹೋಗಿ ಈಗ ಹೇಳುತ್ತಾರೆ ಎಂದುಕೊಂಡೆ. ಅಂಗಳದವರೂ ಹಾಗೆಯೇ ಎಂದುಕೊಂಡಿರಬೇಕು, ಎಲ್ಲರೂ ಕುರ್ಚಿಯಿಂದ ಎದ್ದಿದ್ದರು. ಹಾಜಿ ಗೋಡೆ ಹಿಡಿದು ನಿಂತಿದ್ದರು. ಜೀವಮಾನವೆಲ್ಲ ಯಾವ ಗುಟ್ಟೂ ಹೊಟ್ಟೆಯಲ್ಲಿ ನಿಲ್ಲದ ಅವ್ವಮ್ಮ ಪರದೆಯಿಂದ ಹೊರಗೆ ಬಂದು ಎಲ್ಲರ ಮುಖವನ್ನೂ ನೋಡಿದರು. ಬಾಯಿ ಬಿಡಲಿಲ್ಲ. ಪರದೆಯ ಬಾಯಿಗೆ ಅಡ್ಡವಾಗಿ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಚೆಂಬನ್ನು ಮಡಿಲಿಗೆ ಕವುಚಿ ಇಟ್ಟುಕೊಂಡರು.

“ಉಮ್ಮ ಬರಲಿ” ಎಂದರು.

ಅವ್ವಮ್ಮ ಬಾಯಿ ಮುಚ್ಚಿದ್ದನ್ನು ಕಂಡಮೇಲೆ ಆ ಅಂಗಳದಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ. ಒಬ್ಬೊಬ್ಬರಾಗಿ ಗಂಡಸರು ನೌಫಲ್ ಕೂತಿದ್ದ ಮೆಟ್ಟಿಲಿನಿಂದ ದೂರ ಸರಿದರು. ಜುಮಾಕ್ಕೆ ಹೊರಟವರು ಹೊರಟರು. ಒಬ್ಬರೂ ಮಂಚ ಮುಟ್ಟಲಿಲ್ಲ. ಹಾಜಿ ನಮಾಝಿಗೂ ಹೋಗಲಿಲ್ಲ. ಕುರ್ಚಿಯಲ್ಲಿ ಕೂತು ಸುಮ್ಮನೆ ತಮ್ಮ ಅಂಗೈ ನೋಡುತ್ತಿದ್ದರು.

ಆಫ್ರಾಳ ತಾಯಿ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ಅವರು ಅಳುತ್ತ ಬರುತ್ತಾರೆ, ಹಿಡಿದುಕೊಳ್ಳಬೇಕು ಎಂದುಕೊಂಡಿದ್ದೆ. ಅಳು ದಾರಿಯಲ್ಲೇ ಮುಗಿದಿತ್ತೋ ಏನೋ. ಶಬ್ನಾ ಅವರ ಕೈ ಹಿಡಿದಳು.

“ಉಮ್ಮ, ನಾವು ನಿಮ್ಮ ಮಗಳಿಗೆ ನೀರು ಹೊಯ್ಯಲಿಲ್ಲ. ನೀವು ನೋಡಬೇಕು ಎಂದು ಕಾದೆವು. ನಾನು ಜೊತೆಗೆ ಇರ್ತೇನೆ.”

ಅವ್ವಮ್ಮ ಎದ್ದು ದಾರಿ ಕೊಟ್ಟರು. ಒಳಗೆ ಆ ತಾಯಿ ಮಗಳನ್ನು ನೋಡಿದ್ದನ್ನು ನಾನು ಹೇಳಲಾರೆ, ಅದು ನಿಜವಾಗಿಯೂ ಪರದೆಯ ಒಳಗಿನದ್ದು. ಹೊರಗೆ ಬಂದಾಗ ಅವರು ನೌಫಲನ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನ ಬಳಿ ಕೈಕಟ್ಟಿ ನಿಂತಿದ್ದ ಗಂಡ ಮೂಸಾರ ಹತ್ತಿರ ನೇರವಾಗಿ ಹೋದರು.

“ನನ್ನನ್ನು ಕೇಳದೆ ಫೋನಿನಲ್ಲಿ ಒಪ್ಪಿಗೆ ಕೊಟ್ಟಿರಂತೆ” ಎಂದರು. “ಅದೇ ಫೋನಿನಲ್ಲಿ ಈಗ ಪೊಲೀಸರನ್ನು ಕರೆಯಿರಿ. ನನ್ನ ಮಗಳು ಜಾರಿ ಬೀಳಲಿಲ್ಲ.”

ಮೂಸಾ ಫೋನ್ ತೆಗೆದರು. ನಂಬರ್ ಎರಡು ಸಲ ತಪ್ಪಾಯಿತು. ಒತ್ತಿಕೊಟ್ಟದ್ದು ಹಾಜಿ. ಅದನ್ನೂ ಹೇಳಬೇಕು, ಹೇಳಿದ್ದೇನೆ. ಆಮೇಲೆ ಅವರು ಶಬ್ನಾಳ ಹತ್ತಿರ ಬಂದು, “ನಾನು ಒಳಗೆ ನೋಡಿದವನಲ್ಲ ಮೋಳೇ” ಎಂದರು.

“ಗೊತ್ತು” ಎಂದಳು ಶಬ್ನಾ. “ನಾನು ಹೊಯ್ಯುವುದಿಲ್ಲ ಎಂದಮೇಲೂ ನೀವು ವಿಟ್ಲಕ್ಕೆ ಫೋನ್ ಮಾಡಿದ್ದು ಯಾಕೆ?”



ನೌಫಲನನ್ನು ಆ ಸಂಜೆಯೇ ಪೊಲೀಸರು ಕರೆದುಕೊಂಡು ಹೋದರು. ಮುಂದಿನದ್ದು ಕ್ಯಾಮೆರಾ ಹಿಡಿದುಕೊಂಡು ಬಂದವರಿಗೆಲ್ಲ ಗೊತ್ತು. ಅವರು ಶಬ್ನಾಳನ್ನೂ ಹುಡುಕಿಕೊಂಡು ಬಂದರು. ಒಳಗೆ ಏನು ನೋಡಿದಿರಿ ಎಂದು ಕೇಳಿದರು. ಪೊಲೀಸರು ಕೇಳಿದ್ದಾರೆ, ಅವರಿಗೆ ಹೇಳಿದ್ದೇನೆ, ನಿಮಗೆ ಹೇಳ್ಲಿಕ್ಕಿಲ್ಲ ಎಂದು ಬಾಗಿಲು ಹಾಕಿದಳು.

ಮೆಲ್ಕಾರಿನ ಫ್ಲೆಕ್ಸಿನ ಮೇಲೆ ಅಡ್ಡಲಾಗಿ ಒಂದು ಪಟ್ಟಿ ಅಂಟಿಸಿದ್ದರು, ಕಾರಣಾಂತರದಿಂದ ಸಭೆ ಮುಂದೂಡಲಾಗಿದೆ ಎಂದು. ಪಟ್ಟಿ ಸರಿಯಾಗಿ ಗುಲಾಬಿಯ ಮೇಲೆಯೇ ಬಿದ್ದಿತ್ತು. ಸಮಿತಿಯಲ್ಲಿ ಕೆಲವರು, ಆ ಹುಡುಗಿ ಹಾಜಿಯ ಮನೆತನದ ಮಾನ ತೆಗೆದಳು ಎಂದು ಆಡಿಕೊಂಡರು. ಮೇಜಿನ ಮಾತು ಯಾರೂ ಎತ್ತಲಿಲ್ಲ. ನಾನು ಎತ್ತಬೇಕೆಂದಿದ್ದೆ, ಶಬ್ನಾ ಬಿಡಲಿಲ್ಲ.

ಪೋಸ್ಟ್‌ಮಾರ್ಟಂ ಮುಗಿದು ಮಂಗಳೂರಿನ ಆಸ್ಪತ್ರೆಯಿಂದ ಆಫ್ರಾ ಶನಿವಾರ ಮಧ್ಯಾಹ್ನ ವಾಪಸ್ ಬಂದಳು. ಗಂಡನ ಮನೆಗಲ್ಲ, ಬೆಳ್ತಂಗಡಿಯ ಆಚೆ ತಾಯಿಯ ಮನೆಗೆ. ಸ್ನಾನಕ್ಕೆ ಶಬ್ನಾಳೇ ಬರಬೇಕೆಂದು ಆ ತಾಯಿ ಹೇಳಿಕಳಿಸಿದ್ದರು. ನಾವು ಅಲ್ಲಿಗೆ ಮುಟ್ಟುವಾಗ ವಿಟ್ಲದವರು, ಮೂಡುಬಿದಿರೆಯವರು, ಬೆಳ್ತಂಗಡಿಯವರು ಆಗಲೇ ಬಂದು ಪರದೆ ಕಟ್ಟಿಯಾಗಿತ್ತು. ಯಾರೂ ಅವರನ್ನು ಕರೆದಿರಲಿಲ್ಲ. ತಂಡದಿಂದ ತೆಗೆದುಹಾಕಿದ್ದ ಆ ಹುಡುಗಿಯೂ ದೂರದಲ್ಲಿ ಒಲೆಗೆ ಸೌದೆ ಹಾಕುತ್ತಿದ್ದಳು. ಶಬ್ನಾ ಅವಳನ್ನು ನೋಡಿದಳು, ಹೋಗೆಂದು ಹೇಳಲಿಲ್ಲ.

ಬಾಗಿಲ ಹಲಗೆಯ ಮೇಲೆ ಆಫ್ರಾಳನ್ನು ಮಲಗಿಸಿದೆವು. ಆಸ್ಪತ್ರೆಯಿಂದ ಬಂದ ಮೈಯನ್ನು ತೊಳೆಯುವುದು ಕಷ್ಟ, ಕೈ ಬಹಳ ಹಗುರವಾಗಿರಬೇಕು. ನಾನು ಮಗ್ಗು ಎತ್ತಿಕೊಂಡೆ. ಆಗ ಪರದೆ ಸರಿಸಿ ಅವ್ವಮ್ಮ ಒಳಗೆ ಬಂದರು. ಸಿದ್ಧಕಟ್ಟೆಯಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು, ಚಪ್ಪಲಿಯೆಲ್ಲ ಹೈವೇ ಕೆಲಸದ ಕೆಂಪು ಧೂಳು. ನಾವೆಲ್ಲ ಎದ್ದು ನಿಂತೆವು. ಅವರು ಬಂದಮೇಲೆ ಕೈ ಹಾಕುವವರು ಅವರೇ ತಾನೆ. ಶಬ್ನಾ ಹಲಗೆಯ ಪಕ್ಕದ ಜಾಗ ಬಿಟ್ಟು ಹಿಂದೆ ಸರಿದಳು.

ಅವ್ವಮ್ಮ ಆ ಜಾಗದಲ್ಲಿ ಕೂರಲಿಲ್ಲ. ಒಲೆಯ ಹತ್ತಿರ ಹೋಗಿ ತಮ್ಮ ತಾಮ್ರದ ಚೆಂಬನ್ನು ತುಂಬಿಸಿದರು. ಬಂದು ನನ್ನನ್ನು ಮೊಣಕೈಯಲ್ಲಿ ಪಕ್ಕಕ್ಕೆ ತಳ್ಳಿ, ನಾನು ನಿಂತಿದ್ದಲ್ಲಿ ನಿಂತರು.

“ಎಂತ ನೋಡ್ತೀ?” ಎಂದು ಶಬ್ನಾಳಿಗೆ ಗದರಿಸಿದರು. “ನೀರು ಆರ್ತದೆ. ನೀನು ಕೈ ಹಾಕು. ನಾನು ಹೊಯ್ತೇನೆ.”

ಶಬ್ನಾಳ ಕಣ್ಣಿನಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳದೆಯೇ ಹಲಗೆಯ ಪಕ್ಕ ಬಂದು ಕೂತಳು. ಬಿಸ್ಮಿಲ್ಲಾ ಹೇಳಿ ಆಫ್ರಾಳ ಬಲಗೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡಳು. ಅವ್ವಮ್ಮ ಬಗ್ಗಿ, ಅವಳ ಕೈಯ ಮೇಲೆ ನೀರು ಹೊಯ್ದರು.